ಕರೋಕೆ ಟ್ರ್ಯಾಕ್ ಎಷ್ಟು ಸ್ಟೆಪ್ ಇಳಿಸಬೇಕು? ಪಲ್ಲವಿ ಸಲೀಸು, ಚರಣಕ್ಕೆ ಬಂದರೆ ಗಂಟಲು ಕಟ್ಟುತ್ತೆ

ಮಂದ್ರದ_ಮನುಷ್ಯ

ರಾಜ್ಯೋತ್ಸವಕ್ಕೆ ಅಪಾರ್ಟ್‌ಮೆಂಟಿನಲ್ಲಿ ಹಾಡಬೇಕಿದೆ. ಆಯ್ದುಕೊಂಡಿರೋದು ಎಂಬತ್ತರ ದಶಕದ ಒಂದು ಸಿನಿಮಾ ಹಾಡು, ಗಂಡು ದನಿಯದು. ಟ್ರ್ಯಾಕಿನ ಶ್ರುತಿ ಡಿ ಶಾರ್ಪ್, ಅಂದರೆ ಹಾರ್ಮೋನಿಯಂ ಲೆಕ್ಕದಲ್ಲಿ ಕಪ್ಪು ಎರಡು. ಕೀಬೋರ್ಡ್ ಮುಂದೆ ಕೂತು ಗುರುತು ಹಾಕಿಕೊಂಡಿದ್ದು ಇಷ್ಟು (ಅಕ್ಷರದ ಪಕ್ಕದ ಅಂಕಿ ಯಾವ ಸ್ಥಾಯಿ ಅನ್ನೋದಕ್ಕೆ):

ಹಾಡಿನ ಅತಿ ಕೆಳಗಿನ ಸ್ವರ ಸಿ3, ಅಂದರೆ ಮಂದ್ರ ಧ. ಪಲ್ಲವಿಯ ಎರಡನೇ ಸಾಲಲ್ಲಿ ಬರುತ್ತೆ.
ಅತಿ ಮೇಲಿನದು ಜಿ4, ತಾರ ಗ. ಎರಡೂ ಚರಣಗಳ ಮೂರನೇ ಸಾಲಲ್ಲಿ, ಎಳೆದು ನಿಲ್ಲಿಸಬೇಕು.
ನನಗೆ ಆರಾಮಾಗಿ ಸಿಗೋದು ಎ2ರಿಂದ ಇ4ರವರೆಗೆ. ಎಫ್4 ಕೂಡ ಬರುತ್ತೆ, ಆದರೆ ಅದು ಹಾಡಲ್ಲ, ಕೂಗು.

ಫೋನಿನ ಆ್ಯಪಲ್ಲಿ −2 ಹಾಕಿದರೂ ಚರಣ ಕಷ್ಟವೇ. −5 ಹಾಕಿದರೆ ಚರಣ ಸಲೀಸು, ಆದರೆ ಪಲ್ಲವಿಯ ಆ ಕೆಳಗಿನ ಸಾಲಲ್ಲಿ ಬರೀ ಗಾಳಿ. ಟ್ರ್ಯಾಕೂ ನೀರೊಳಗಿಂದ ಬಂದ ಹಾಗೆ ಕೇಳುತ್ತೆ, ತಬಲಾ ಹೋಗಿ ಡೊಳ್ಳು ಆಗಿರುತ್ತೆ. ಉಳಿದಿದ್ದು −3 ಅಥವಾ −4. ಯಾವುದು ಅಂತ ಹೇಗೆ ತೀರ್ಮಾನ ಮಾಡೋದು? ಟ್ರ್ಯಾಕ್ ಕೆಡದ ಹಾಗೆ ಇಳಿಸೋದು ಹೇಗೆ?

---

ತಾರಸ್ಥಾಯಿ

ಮುಕ್ಕಾಲು ಲೆಕ್ಕ ನೀವೇ ಮಾಡಿಟ್ಟಿದ್ದೀರಿ. ಸಿ3ರಿಂದ ಜಿ4ಕ್ಕೆ 19 ಸೆಮಿಟೋನ್, ಅಂದರೆ ನೀವು ಹೇಳುವ ಸ್ಟೆಪ್. ನಿಮ್ಮ ಎ2ರಿಂದ ಇ4ಕ್ಕೂ 19. ಹಾಡಿನ ಅಗಲ, ದನಿಯ ಅಗಲ ಎರಡೂ ಒಂದೇ. ಅದಕ್ಕೇ −3ರಲ್ಲಿ ಹಾಡು ಮೇಲೂ ಕೆಳಗೂ ಗೋಡೆಗೆ ತಾಗಿಕೊಂಡು ಕೂರುತ್ತೆ, ಕೂದಲೆಳೆಯಷ್ಟೂ ಸಂದಿ ಇರಲ್ಲ. ಕಾಗದದ ಮೇಲೆ ಸರಿ, ವೇದಿಕೆ ಮೇಲೆ ಕಷ್ಟ.

ಯಾಕೆಂದರೆ ಮನೆಯಲ್ಲಿ ಕೂತು ಒಂದೊಂದೇ ಸ್ವರ ಹಿಡಿದು ನೋಡಿದಾಗ ಸಿಗುವ ಇ4 ಬೇರೆ, ಎರಡನೇ ಚರಣದ ಮೂರನೇ ಸಾಲಿಗೆ ಬರುವಷ್ಟರಲ್ಲಿ ಉಸಿರು ಅರ್ಧವಾಗಿರುವಾಗ ಸಿಗುವ ಇ4 ಬೇರೆ. ಮೇಲಿನ ತುದಿಯಲ್ಲಿ ಯಾವತ್ತೂ ಒಂದು ಸೆಮಿಟೋನಾದರೂ ಮಿಗಿಸಿ ಇಟ್ಟುಕೊಳ್ಳಿ. ಹಾಗಾಗಿ −4. ಆಗ ಮೇಲಿನ ಸ್ವರ ಡಿ ಶಾರ್ಪ್4, ಕೆಳಗಿನದು ಜಿ ಶಾರ್ಪ್2. ಕೆಳಗಿನದು ನಿಮ್ಮ ಆರಾಮಿನ ಗೆರೆಗಿಂತ ಒಂದು ಮೆಟ್ಟಿಲು ಕೆಳಗೆ ಹೋಯಿತು, ನಿಜ. ಆದರೆ ಕೆಳಗೆ ಸೋತರೆ ದನಿ ಸಣ್ಣದಾಗುತ್ತೆ ಅಷ್ಟೇ, ಮೇಲೆ ಸೋತರೆ ಒಡೆಯುತ್ತೆ. ಸಣ್ಣ ದನಿಯನ್ನು ಮೈಕು ಎತ್ತಿ ಹಿಡಿಯುತ್ತೆ. ಒಡೆದ ದನಿಯನ್ನೂ ಅದು ಅಷ್ಟೇ ನಿಷ್ಠೆಯಿಂದ ಎತ್ತಿ ಹಿಡಿಯುತ್ತೆ!

ಈ ತೀರ್ಮಾನಕ್ಕೆ ಒಂದು ಷರತ್ತು ಇದೆ. ಆ ಮಂದ್ರ ಧ ಎಷ್ಟು ಹೊತ್ತು ನಿಲ್ಲುತ್ತೆ ಅಂತ ನೋಡಿ. ಸಾಲಿನ ನಡುವೆ ಒಂದು ಅಕ್ಷರದಲ್ಲಿ ಮುಟ್ಟಿ ಬರುವುದಾದರೆ −4ಕ್ಕೆ ಅಡ್ಡಿಯಿಲ್ಲ. ಸಾಲು ಅಲ್ಲೇ ಮುಗಿದು ಎರಡು ಮಾತ್ರೆ ನಿಲ್ಲಬೇಕಾದರೆ −3 ಇಟ್ಟುಕೊಂಡು ಮೇಲಿನದಕ್ಕೆ ಬೇರೆ ಉಪಾಯ ಹುಡುಕಬೇಕು.

ಇನ್ನೊಂದು ವಿಷಯವನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳಲ್ಲ. ತಾರ ಗ ಯಾವ ಅಕ್ಷರದ ಮೇಲೆ ಬರುತ್ತೆ? 'ಆ' ಅಥವಾ 'ಓ' ಆದರೆ ಬಾಯಿ ತೆರೆದಿರುತ್ತೆ, ಸ್ವರ ಸಲೀಸಾಗಿ ಹೊರಗೆ ಬರುತ್ತೆ. 'ಈ' ಅಥವಾ 'ಊ' ಆದರೆ ಅದೇ ಎತ್ತರದ ಸ್ವರ ಒಂದು ಸೆಮಿಟೋನ್ ಜಾಸ್ತಿ ಭಾರ ಅನ್ನಿಸುತ್ತೆ. ದನಿ ಅಳೆಯುವಾಗ ಎಲ್ಲರೂ 'ಆ' ಅಂತ ಅಳೆಯುತ್ತಾರೆ, ಹಾಡಿನಲ್ಲಿ ಬರುವುದು 'ನೀ'. ಅಲ್ಲೇ ಲೆಕ್ಕ ತಪ್ಪುವುದು. ಹಾಡಿನ ಆ ಪದವನ್ನೇ ಹೇಳಿಕೊಂಡು ಡಿ ಶಾರ್ಪ್4, ಇ4 ಎರಡನ್ನೂ ನಾಲ್ಕು ನಾಲ್ಕು ಸೆಕೆಂಡ್ ನಿಲ್ಲಿಸಿ ನೋಡಿ. 'ಈ' ಬಿಗಿಯುತ್ತಿದ್ದರೆ ಸ್ವಲ್ಪ 'ಎ' ಕಡೆಗೆ ಸಡಿಲಿಸಿ. ಕೇಳುವವರಿಗೆ 'ಈ' ಅಂತಲೇ ಕೇಳಿಸುತ್ತೆ.

ಅಳೆಯುವುದು ಸಂಜೆ ಹೊತ್ತಲ್ಲಿ, ಹತ್ತು ನಿಮಿಷ ಗುನುಗಿ ದನಿ ಬಿಸಿಯಾದ ಮೇಲೆ. ಎದ್ದ ತಕ್ಷಣ ಅಳೆದರೆ ಮಂದ್ರ ಒಂದೆರಡು ಮೆಟ್ಟಿಲು ಹೆಚ್ಚೇ ಸಿಗುತ್ತೆ, ಅದನ್ನು ನಂಬಿಕೊಂಡರೆ ಸಂಜೆ ಕಾರ್ಯಕ್ರಮದಲ್ಲಿ ಕೈ ಕೊಡುತ್ತೆ.

ತುದಿಗಳಿಗಿಂತ ಮುಖ್ಯವಾದದ್ದು ಹಾಡು ಹೆಚ್ಚು ಹೊತ್ತು ಎಲ್ಲಿ ವಾಸ ಮಾಡುತ್ತೆ ಅನ್ನುವುದು. ಒಂದು ಹಾಡು ಜಿ4ವರೆಗೆ ಹೋಗಬಹುದು, ಆದರೆ ಒಂದೇ ಸಲ. ಉಳಿದದ್ದೆಲ್ಲ ಜಿ3ರಿಂದ ಸಿ4ರ ನಡುವೆ. ಇನ್ನೊಂದು ಎಫ್4 ದಾಟಲ್ಲ, ಆದರೆ ಚರಣ ಪೂರ್ತಿ ಡಿ4, ಇ4 ಹತ್ತಿರವೇ ಠಿಕಾಣಿ ಹಾಕಿರುತ್ತೆ. ನಿಮ್ಮ ದನಿಗೆ ಎರಡನೆಯದೇ ಹೆಚ್ಚು ಅಪಾಯ. ಮೊದಲನೆಯದಕ್ಕೆ ಪೂರ್ತಿ ಹಾಡನ್ನು ಇಳಿಸಿ ಸಪ್ಪೆ ಮಾಡುವುದು ಬೇಡ. ಆ ಒಂದು ಸ್ವರವನ್ನು ಕಳ್ಳದನಿಯಲ್ಲಿ (ಫಾಲ್ಸೆಟೊ) ಮೆಲ್ಲಗೆ ಮುಟ್ಟಿ ಬನ್ನಿ, ಇಲ್ಲವೇ ತಾರ ಗ ಬದಲು ತಾರ ಸದಲ್ಲೇ ನಿಲ್ಲಿ. ಟ್ರ್ಯಾಕಿನಲ್ಲಿ ಆ ಜಾಗದಲ್ಲಿ ಸ-ಗ-ಪ ಸ್ವರಮೇಳ ನುಡಿಯುತ್ತಿದ್ದರೆ ಸ ಸೇರೇ ಸೇರುತ್ತೆ.

ಕೊನೆಗೆ, ಎಣಿಸುವ ವಿಷಯ. ಒಂದು ಸ್ಟೆಪ್ ಅಂದರೆ ಕೀಬೋರ್ಡಿನಲ್ಲಿ ಪಕ್ಕದ ಕೀ, ಬಿಳಿಯೋ ಕಪ್ಪೋ ಯಾವುದಾದರೂ. ಬಿಳಿಯನ್ನು ಮಾತ್ರ ಎಣಿಸಬೇಡಿ. ಡಿ ಶಾರ್ಪ್‌ನಿಂದ ನಾಲ್ಕು ಇಳಿದರೆ ಡಿ, ಸಿ ಶಾರ್ಪ್, ಸಿ, ಬಿ. ನಿಮ್ಮ ಹೊಸ ಶ್ರುತಿ ಬಿ, ಬಿಳಿ ಏಳು. ಕೀಬೋರ್ಡ್ ನುಡಿಸುವವರಿಗೆ ಹೇಳುವಾಗ 'ಎರಡು ಮನೆ ಇಳಿಸಿ' ಅನ್ನಬೇಡಿ. ಒಬ್ಬರ ಮನೆ ಅರ್ಧ ಸ್ವರ, ಇನ್ನೊಬ್ಬರ ಮನೆ ಪೂರ್ತಿ ಸ್ವರ. ಶ್ರುತಿಯ ಹೆಸರನ್ನೇ ಹೇಳಿ.

---

ಪೇಟಿ_ಮಾಸ್ತರ

ಮ್ಯಾಲಿನ ಲೆಕ್ಕ ಬರೋಬರಿ ಅದ. ನಾ ಬ್ಯಾರೆ ಒಂದು ಮಾತು ಕೂಡಸ್ತೀನಿ, ಯಾಕಂದ್ರ ಸ್ಕೇಲ್ ವಿಷಯ ಬಂದಾಗೆಲ್ಲಾ ಮಂದಿ ಇಲ್ಲೇ ಎಡವತಾರ.

ಹೆಣ್ಣುಮಕ್ಕಳು ಹಾಡಿದ ಹಾಡು ಗಂಡಸರು ಹಾಡೂಮುಂದ 'ಭಾಳ ಎತ್ತರ ಅದ' ಅಂತ ಸ್ಕೇಲ್ ಇಳಸ್ತಾರ. ತಪ್ಪು. ಬಹಳ ಸಲ ಏರಸಬೇಕು.

ಹ್ಯಾಂಗ ಅಂದ್ರ, ಹಾಡು ಜಿ ಶಾರ್ಪ್‌ದಾಗ ಅದ ಅನ್ಕೋರಿ, ಕಾಳಿ ನಾಕು, ಅಂದ್ರ ಕಪ್ಪು ನಾಕು. ಗಂಡಸು ಅದೇ ಟ್ರ್ಯಾಕಿಗೆ ತನಗ ಗೊತ್ತಿಲ್ಲದನ ಒಂದು ಸಪ್ತಕ ಕೆಳಗ ಹಾಡ್ತಾನ. ಅಂದ್ರ 12 ಸೆಮಿಟೋನ್ ಕೆಳಗ. ಆದ್ರ ಗಂಡು ದನಿಗೂ ಹೆಣ್ಣು ದನಿಗೂ ಇರೂ ಅಂತರ 12 ಅಲ್ಲ, ಅಂದಾಜು 7. ಅದಕ್ಕ ಬೈಠಕ್ಕಿನ್ಯಾಗ ಗಂಡಸರು ಕಾಳಿ ಒಂದು, ಕಾಳಿ ಎರಡರಾಗ ಹಾಡಿದ್ರ ಹೆಣ್ಣುಮಕ್ಕಳು ಕಾಳಿ ನಾಕು, ಕಾಳಿ ಐದರಾಗ ಹಾಡೂದು. 7 ಇಳೀಬೇಕಾದಲ್ಲೆ 12 ಇಳದ್ರ 5 ಹೆಚ್ಚಿಗಿ ಆತು. ಮಂದ್ರದಾಗ ದನಿ ಮುಳಗಿ ಹೋಗ್ತದ. ಆ 5 ವಾಪಸ್ ಕೊಡ್ರಿ: ಟ್ರ್ಯಾಕಿಗೆ +5. ಜಿ ಶಾರ್ಪ್ ಹೋಗಿ ಸಿ ಶಾರ್ಪ್ ಆತು, ಕಾಳಿ ಒಂದು. ಗಂಡು ದನಿಗೆ ಹೇಳಿ ಮಾಡಿಸಿದ್ದು.

−7 ಹಾಕಿದ್ರೂ ಅದೇ ಸಿ ಶಾರ್ಪ್‌ಗೇ ಬರ್ತೀರಿ. ಆದ್ರ ಟ್ರ್ಯಾಕು 7 ಮೆಟ್ಟಲಾ ಇಳದ್ರ ಕೊಳಲು ಹೋಗಿ ಶಹನಾಯಿ ಆಗ್ತದ, ಅದೂ ಕೆಟ್ಟ ಶಹನಾಯಿ. ಕಡಿಮಿ ಹೆಜ್ಜಿ ಯಾವ ಕಡೆ ಅದನೋ ಆ ಕಡೆ ಹೋಗ್ರಿ.

ಹೆಣ್ಣುಮಕ್ಕಳು ಗಂಡಸರ ಹಾಡು ಹಾಡೂದಿದ್ರ ಇದರ ಉಲ್ಟಾ: −5 ಹಾಕಿ ಒಂದು ಸಪ್ತಕ ಮ್ಯಾಲೆ ಹಾಡ್ರಿ. ಹಾಡು ಕಾಳಿ ಒಂದರಾಗ ಇದ್ರ ಕಾಳಿ ನಾಕಕ್ಕ ಬರ್ತದ. 5 ಅನ್ನೂದು ಸುರು ಮಾಡೂ ಜಾಗಾ, ಅಲ್ಲಿಂದ ಒಂದು ಎರಡು ಹಿಂದ ಮುಂದ ನೋಡ್ರಿ. ಸಿನಿಮಾದವರು ಬೈಠಕ್ಕಿನ ಶ್ರುತಿ ಹಿಡಕೊಂಡು ಕೂಡೂದಿಲ್ಲ.

ಇನ್ನ, ಹಳೇ ರೆಕಾರ್ಡಿಂದ ಮಾಡಿದ ಟ್ರ್ಯಾಕ್ ಇತ್ತಂದ್ರ ಮದಲ ಪೇಟಿ (ಹಾರ್ಮೋನಿಯಂ) ಜೋಡಿ ಹಚ್ಚಿ ನೋಡ್ರಿ. ಟೇಪು, ತಟ್ಟಿ ತಿರಗೂ ವೇಗ ಒಂಚೂರು ಆಕಡೆ ಈಕಡೆ ಆಗಿದ್ರ ಹಾಡು ಡಿ ಶಾರ್ಪೂ ಅಲ್ಲ, ಡೀನೂ ಅಲ್ಲ, ನಡಕ ನಿಂತಿರ್ತದ. ಟ್ಯೂನರ್ ಆ್ಯಪಿನ್ಯಾಗ ಎಷ್ಟು ಸೆಂಟ್ ವ್ಯತ್ಯಾಸ ಅದ ನೋಡ್ರಿ. 100 ಸೆಂಟ್ ಅಂದ್ರ ಒಂದು ಸೆಮಿಟೋನ್. 30 ಸೆಂಟ್ ಕಡಿಮಿ ಇದ್ರ −4 ಬದಲಿ −3.7 ಕೊಡ್ರಿ, ಸರಿಯಾಗಿ ಬಿಳಿ ಏಳಕ್ಕ ಬಂದು ಕೂಡ್ತದ. ಪೇಟಿ ಬಗ್ಗೂದಿಲ್ಲ, ಟ್ರ್ಯಾಕ್ ಬಗ್ಗಸಬೇಕು.

---

ವೇವ್_ಫೈಲ್

ಟ್ರ್ಯಾಕ್ 'ನೀರೊಳಗಿಂದ' ಕೇಳುವುದಕ್ಕೆ ಮೂರು ಕಾರಣ ಇರುತ್ತೆ, ಸಾಮಾನ್ಯವಾಗಿ ಮೂರೂ ಒಟ್ಟಿಗೆ.

ಮೊದಲನೆಯದು ಫೈಲ್. 128 ಕೆಬಿಪಿಎಸ್ ಎಂಪಿ3ಯಲ್ಲಿ 16 ಕಿಲೋಹರ್ಟ್ಸ್‌ನಿಂದ ಮೇಲೆ ಹೆಚ್ಚು ಕಡಿಮೆ ಏನೂ ಉಳಿದಿರುವುದಿಲ್ಲ. ಅದನ್ನು −5 ಇಳಿಸಿದರೆ ಆ 16 ಬಂದು 12ಕ್ಕೆ ಕೂರುತ್ತೆ. ಅದರ ಮೇಲೆ ಖಾಲಿ. ತಾಳದ ಝಣಝಣ, ಗೆಜ್ಜೆ, ಉಸಿರು ಎಲ್ಲ ಮಸುಕು. −4 ಆದರೆ 12.7ರ ಹತ್ತಿರ, −3 ಆದರೆ 13.4. ಹಾಗಾಗಿ ಸಿಗುವುದಾದರೆ ವೇವ್ ಅಥವಾ 320ರ ಫೈಲೇ ತನ್ನಿ.

ಎರಡನೆಯದು, ಒಂದರ ಮೇಲೊಂದು ಇಳಿಸುವುದು. −2 ಮಾಡಿ ಸೇವ್, ಸಾಲಲಿಲ್ಲ ಅಂತ ಅದನ್ನೇ ತೆಗೆದು ಮತ್ತೆ −2. ಪ್ರತಿ ಸಲವೂ ಗಣಕ ಧ್ವನಿಯನ್ನು ಚೂರು ಮಾಡಿ ಹೊಲಿಯುತ್ತೆ, ಹೊಲಿಗೆ ಮೇಲೆ ಹೊಲಿಗೆ ಬೀಳುತ್ತೆ. ಯಾವಾಗಲೂ ಮೂಲ ಫೈಲಿನಿಂದ ಒಂದೇ ಸಲ −4.

ಮೂರನೆಯದು ಫೋನ್ ಆ್ಯಪ್. ಹಾಡು ಓಡುತ್ತಿರುವಾಗಲೇ ಪಿಚ್ ಬದಲಿಸಬೇಕಾದ್ದರಿಂದ ಅದು ಅವಸರದ ಕೆಲಸ. ಅಭ್ಯಾಸಕ್ಕೆ ಸಾಕು, ವೇದಿಕೆಗೆ ಬೇಡ.

ಕಂಪ್ಯೂಟರಿನಲ್ಲಿ ಧ್ವನಿ ತಿದ್ದುವ ಸಾಫ್ಟ್‌ವೇರ್ ಆಡಾಸಿಟಿಯಲ್ಲಿ ಹೀಗೆ ಮಾಡಿ. ಟ್ರ್ಯಾಕ್ ತೆರೆದು ಕಂಟ್ರೋಲ್ + ಎ ಒತ್ತಿ ಪೂರ್ತಿ ಆಯ್ಕೆ ಮಾಡಿ. ಮೊದಲು ಆಂಪ್ಲಿಫೈನಲ್ಲಿ −3 ಡಿಬಿ ಕೊಡಿ. ಪಿಚ್ ಬದಲಾದಾಗ ಅಲೆಯ ಆಕಾರವೂ ಬದಲಾಗಿ ತುದಿಗಳು ಮಿತಿ ದಾಟಿ ಒಡೆಯಬಹುದು, ಅದಕ್ಕೆ ಈ ಜಾಗ. ಆಮೇಲೆ ಎಫೆಕ್ಟ್ ಮೆನು, ಪಿಚ್ ಆ್ಯಂಡ್ ಟೆಂಪೋ, ಚೇಂಜ್ ಪಿಚ್. ಸೆಮಿಟೋನ್ಸ್ ಅಂತ ಇರುವ ಚೌಕದಲ್ಲಿ −4. ಕೆಳಗೆ ಹೈ ಕ್ವಾಲಿಟಿ ಸ್ಟ್ರೆಚಿಂಗ್ ಅಂತ ಒಂದು ಗುರುತಿನ ಚೌಕ ಇರುತ್ತೆ, ಅದನ್ನು ಮರೆಯದೆ ಒತ್ತಿ. ನಿಧಾನವಾಗುತ್ತೆ, ಆಗಲಿ. ಮುಗಿದ ಮೇಲೆ 8 ಕಿಲೋಹರ್ಟ್ಸ್‌ನಿಂದ ಮೇಲೆ 2–3 ಡಿಬಿ ಟ್ರೆಬಲ್ ಎತ್ತಿದರೆ ಮಂಕು ಸ್ವಲ್ಪ ಕಳೆಯುತ್ತೆ. ವೇವ್ ಆಗಿ ಎಕ್ಸ್‌ಪೋರ್ಟ್ ಮಾಡಿ.

ಅದೇ ಮೆನುವಿನಲ್ಲಿ ಚೇಂಜ್ ಸ್ಪೀಡ್ ಅಂತಲೂ ಒಂದಿದೆ. ಅದು ಬೇರೆ. ಕ್ಯಾಸೆಟ್ ನಿಧಾನಕ್ಕೆ ತಿರುಗಿಸಿದ ಹಾಗೆ: ಒಂದು ಸೆಮಿಟೋನಿಗೆ ಸುಮಾರು 6% ವೇಗ. ಅದರಲ್ಲಿ −3 ಇಳಿಸಿದರೆ ನಾಲ್ಕು ನಿಮಿಷದ ಹಾಡು ನಾಲ್ಕು ಮುಕ್ಕಾಲು ನಿಮಿಷಕ್ಕೆ ಎಳೆದುಕೊಳ್ಳುತ್ತೆ. ಯೂಟ್ಯೂಬಿನ ಸ್ಪೀಡ್ ಗುಂಡಿ ಇದರ ಉಲ್ಟಾ, ವೇಗ ಮಾತ್ರ ಬದಲಾಗುತ್ತೆ, ಶ್ರುತಿ ಅಲ್ಲೇ ಇರುತ್ತೆ. ಅದರಿಂದ ಸ್ಕೇಲ್ ಇಳಿಸೋಕೆ ಆಗಲ್ಲ.

ತಬಲಾ ಡೊಳ್ಳಾಗುವ ಸಮಸ್ಯೆಗೆ ಟ್ರ್ಯಾಕನ್ನು ಬಿಡಿಸಿಕೊಳ್ಳಬಹುದು. ಮೊಯ್ಸಸ್, ಅಲ್ಟಿಮೇಟ್ ವೋಕಲ್ ರಿಮೂವರ್ ಥರದವು ಡ್ರಮ್ಸ್, ಬೇಸ್, ಉಳಿದದ್ದು ಅಂತ ಬೇರೆ ಬೇರೆ ಮಾಡಿ ಕೊಡುತ್ತವೆ. ಬೇಸ್ ಮತ್ತು ಉಳಿದದ್ದನ್ನು −4 ಇಳಿಸಿ, ಡ್ರಮ್ಸ್ ಹಾಗೇ ಬಿಟ್ಟು ಮತ್ತೆ ಕೂಡಿಸಿ. ಹೊಡೆತ ಚುರುಕಾಗಿ ಉಳಿಯುತ್ತೆ. ಆದರೆ ಇದು ಡ್ರಮ್ ಕಿಟ್, ರಿದಮ್ ಪ್ಯಾಡ್ ಇರುವ ಹಾಡಿಗೆ. ತಬಲಾಕ್ಕೆ, ಮೃದಂಗಕ್ಕೆ ಮಾಡಬೇಡಿ. ತಬಲಾ ಹಾಡಿನ ಶ್ರುತಿಗೆ ಕೂಡಿರುತ್ತೆ; ಹಾಡು ಬಿಗೆ ಇಳಿದು ತಬಲಾ ಮಾತ್ರ ಡಿ ಶಾರ್ಪ್‌ನಲ್ಲಿ ಟಂಯ್ ಅನ್ನುತ್ತಿದ್ದರೆ ತಬಲಾದ ಪ್ರತಿ 'ನಾ' ಹೊಡೆತಕ್ಕೂ ಹಲ್ಲು ಜುಮ್ಮೆನ್ನುತ್ತೆ. ಜೊತೆಗೆ ಈ ಸಾಫ್ಟ್‌ವೇರ್‌ಗಳು ತಬಲಾವನ್ನು ಪೂರ್ತಿ ಡ್ರಮ್ಸ್ ಅಂತ ಗುರುತಿಸುವುದಿಲ್ಲ, ಅರ್ಧ 'ಉಳಿದದ್ದು' ಕಡೆ ಸೋರಿಹೋಗಿರುತ್ತೆ. ನಿಮ್ಮ ಹಾಡಲ್ಲಿ ತಬಲಾ ಇದೆ, ಹಾಗಾಗಿ ಎಲ್ಲವನ್ನೂ ಒಟ್ಟಿಗೆ ಇಳಿಸಿ, −4ರ ಮಂಕನ್ನು ಟ್ರೆಬಲ್ಲಿನಲ್ಲಿ ಸರಿಮಾಡಿಕೊಳ್ಳಿ.

ಟ್ರ್ಯಾಕಿನಲ್ಲಿ ಕೋರಸ್ ದನಿ ಉಳಿದಿದ್ದರೆ ಅದೂ ಇಳಿಯುತ್ತೆ ಅನ್ನುವುದು ನೆನಪಿರಲಿ. −4ರಲ್ಲಿ ಹುಡುಗಿಯರ ಕೋರಸ್ ಶೀತವಾದ ಗಂಡಸರ ಥರ, +5ರಲ್ಲಿ ಗಂಡಸರ ಕೋರಸ್ ಮಕ್ಕಳ ಥರ. ಫಾರ್ಮಂಟ್, ಅಂದರೆ ದನಿಯ ಸಹಜ ಬಣ್ಣ, ಉಳಿಸಿಕೊಳ್ಳುವ ಸೌಲಭ್ಯ ಇರುವ ಸಾಫ್ಟ್‌ವೇರ್ ಆದರೆ ಇದು ಕಡಿಮೆಯಾಗುತ್ತೆ.

ಮಿಡಿ ಕರೋಕೆ ಫೈಲ್ ಸಿಕ್ಕರೆ ಈ ತಾಪತ್ರಯ ಯಾವುದೂ ಇಲ್ಲ, ಎಷ್ಟು ಇಳಿಸಿದರೂ ಗುಣ ಕೆಡಲ್ಲ, ಅದರಲ್ಲಿರೋದು ಧ್ವನಿಯಲ್ಲ, ಸ್ವರಗಳ ಪಟ್ಟಿ. ಒಂದೇ ಎಚ್ಚರಿಕೆ: 10ನೇ ಚಾನೆಲ್ ತಾಳವಾದ್ಯದ್ದು, ಅದನ್ನು ಇಳಿಸಬಾರದು. ಅಲ್ಲಿ ಸ್ವರದ ನಂಬರಿಗೊಂದು ವಾದ್ಯ. 42 ಮುಚ್ಚಿದ ಹೈಹ್ಯಾಟ್, 38 ಸ್ನೇರ್. ಆ ಚಾನೆಲ್ಲನ್ನೂ −4 ಮಾಡಿದರೆ ಹೈಹ್ಯಾಟ್ ಬಡಿಯಬೇಕಾದಲ್ಲೆಲ್ಲ ಸ್ನೇರ್ ಬಡಿಯುತ್ತೆ. ಹಾಡು ಹೋಗಿ ಪೆರೇಡ್ ಆಗುತ್ತೆ.

---

ಮಂದ್ರದ_ಮನುಷ್ಯ

−4ರಲ್ಲಿ ನೋಡಿದೆ. ಮಂದ್ರ ಧ ಬರೋದು ಒಂದೇ ಅಕ್ಷರದಲ್ಲಿ, ಹಾದು ಹೋಗುತ್ತೆ, ತೊಂದರೆ ಇಲ್ಲ. ತಾರ ಗ ಇರೋದು 'ಈ'ಕಾರದ ಮೇಲೆಯೇ! 'ಎ' ಕಡೆಗೆ ಸಡಿಲಿಸಿದರೆ ನಿಲ್ಲುತ್ತೆ.

ಇದೇ ಕಾರ್ಯಕ್ರಮಕ್ಕೆ ಒಂದು ಯುಗಳ ಗೀತೆಯೂ ಇದೆ, ಅದು ಇನ್ನೂ ಗೋಜಲು. ಗಂಡು ಭಾಗ ಇ3ರಿಂದ ಜಿ ಶಾರ್ಪ್4. ಹೆಣ್ಣು ಭಾಗ ಜಿ ಶಾರ್ಪ್3ರಿಂದ ಡಿ5. ಜೊತೆಗೆ ಹಾಡುವವರಿಗೆ ಜಿ3ರಿಂದ ಸಿ5 ಆರಾಮು, ಸಿ ಶಾರ್ಪ್5 ಒತ್ತಾಯಕ್ಕೆ ಬರುತ್ತೆ. ನನಗೆ −4 ಬೇಕು, ಅವರು −1ಕ್ಕಿಂತ ಕೆಳಗೆ ಒಪ್ಪುತ್ತಿಲ್ಲ. −4ರಲ್ಲಿ ಅವರ ಮೊದಲ ಸಾಲು ಕೇಳಿಸೋದೇ ಇಲ್ಲ.

---

ತಾರಸ್ಥಾಯಿ

ಅವರು ಹೇಳುತ್ತಿರುವುದು ಸರಿ. −4ರಲ್ಲಿ ಅವರ ಕೆಳಗಿನ ಸ್ವರ ಇ3 ಆಗುತ್ತೆ, ಅವರ ಗೆರೆಗಿಂತ ಮೂರು ಮೆಟ್ಟಿಲು ಕೆಳಗೆ. ಅಲ್ಲಿ ಯಾವ ಮೈಕೂ ಕಾಪಾಡಲ್ಲ. ಯುಗಳ ಗೀತೆಯ ಹಣೆಬರಹವೇ ಇಷ್ಟು: ಎರಡು ದನಿಗೂ ಒಂದೇ ಸ ಬೇಕು ಅಂತ ಸಂಗೀತ ನಿರ್ದೇಶಕರು ನಡುವೆ ಎಲ್ಲೋ ಶ್ರುತಿ ಇಟ್ಟಿರುತ್ತಾರೆ. ಆಗ ಗಂಡಿಗೆ ಎತ್ತರ, ಹೆಣ್ಣಿಗೆ ತಗ್ಗು. ಸಿನಿಮಾದಲ್ಲಿ ಹಾಡಿದವರಿಗೆ ದನಿಯ ಅಗಲ ಇತ್ತು, ನಡೆಯಿತು.

−2, −3 ಅಂತ ನಡುವೆ ಪಾಲು ಮಾಡಿಕೊಳ್ಳುವುದು ಮೊದಲು ಹೊಳೆಯುವ ದಾರಿ, ಇಲ್ಲಿ ಅದು ಇಬ್ಬರನ್ನೂ ಕೆಡಿಸುತ್ತೆ. −2ರಲ್ಲಿ ನಿಮಗೆ ಎಫ್ ಶಾರ್ಪ್4 ಬರಬೇಕು, ಬರಲ್ಲ. −3ರಲ್ಲಿ ನಿಮಗೆ ಎಫ್4, ಅವರಿಗೆ ಎಫ್3.

−4 ಇಟ್ಟುಕೊಂಡು ಅವರ ತಗ್ಗಿನ ಸಾಲನ್ನು ಒಂದು ಸ್ಥಾಯಿ ಮೇಲೆ ಹಾಡಿಸಿ ನೋಡಿ. ಇ3 ಬದಲು ಇ4, ಅವರ ದನಿಯ ಹದವಾದ ಜಾಗ. ನೆಗೆತ ಸಾಲಿನ ಮೊದಲಲ್ಲೇ ಆಗಬೇಕು, ಪದದ ನಡುವೆ ಆಗಬಾರದು. ಆ ಸಾಲಿನ ಮೇಲಿನ ತುದಿಯೂ 12 ಮೇಲೇರುತ್ತೆ ಅನ್ನುವುದನ್ನು ಮರೆಯಬೇಡಿ. −4 ಮಾಡಿದ ಮೇಲೆ ಆ ಸಾಲು ಸಿ4 ದಾಟಿದರೆ ಈ ದಾರಿ ಮುಚ್ಚಿತು, ಯಾಕೆಂದರೆ ಅವರ ಮಿತಿ ಸಿ5.

ಮುಚ್ಚಿದರೆ ಟ್ರ್ಯಾಕನ್ನೇ ನಡುವೆ ಏರಿಸಬಹುದು. ಒಬ್ಬೊಬ್ಬರಿಗೆ ಒಂದೊಂದು ಪೂರ್ತಿ ಚರಣ ಇದ್ದರೆ ಮಾತ್ರ; ಪಲ್ಲವಿಯಲ್ಲಿ ಸಾಲಿಗೊಬ್ಬರು ಹಾಡುವ ಹಾಡಿಗೆ ಕೈ ಹಾಕಬೇಡಿ. ಆಡಾಸಿಟಿಯಲ್ಲಿ ಒಂದು −4ರ ಪ್ರತಿ, ಒಂದು −1ರ ಪ್ರತಿ, ಎರಡನ್ನೂ ಮೇಲೆ ಕೆಳಗೆ ಸಾಲಾಗಿ ಇಡಿ. ವೇಗ ಬದಲಾಗಿಲ್ಲದ್ದರಿಂದ ತಾಳ ಕೂಡಿರುತ್ತೆ, ಆದರೂ ನಡುವೆ ಒಂದು ಹೊಡೆತ ಹಿಗ್ಗಿಸಿ ನೋಡಿ ಸರಿಮಾಡಿ. ಮಧ್ಯಂತರ ಸಂಗೀತದಲ್ಲಿ ತಂತಿವಾದ್ಯ, ಕೊಳಲು ಎಲ್ಲ ನಿಂತು ಬರೀ ತಾಳದ ಉರುಳಿಕೆ ಬರುವ ಜಾಗ ಹುಡುಕಿ, ಅಲ್ಲಿ ಕತ್ತರಿಸಿ, 20–30 ಮಿಲಿಸೆಕೆಂಡ್ ಒಂದರ ಮೇಲೊಂದು ಹಾಯಿಸಿ. ಪಿಟೀಲಿನ ಬಾಲ ಸ್ವಲ್ಪ ಉಳಿದಿದ್ದರೂ ಜಿಗಿತ ಢಾಳಾಗಿ ಕೇಳಿಸುತ್ತೆ.

ಜಿಗಿತ ಒಂದೇ ಸಲ, ಅದೂ ಮೇಲಕ್ಕೆ. −4ರಿಂದ −1ಕ್ಕೆ ಏರಿದರೆ ಹಾಡಿಗೆ ಹುರುಪು ಬಂದ ಹಾಗೆ ಇರುತ್ತೆ. ಮತ್ತೆ ಇಳಿಸಿದರೆ ಕರೆಂಟ್ ಹೋದ ಹಾಗೆ. ಆದ್ದರಿಂದ ನಿಮ್ಮ ಚರಣ ಮೊದಲು, ಅವರದ್ದು ಆಮೇಲೆ, ಕೊನೆಯ ಪಲ್ಲವಿ −1ರಲ್ಲಿ ಅವರೇ ಹಾಡಲಿ, ನೀವು ಕೆಳಗೆ ಗುನುಗಿ.

---

ದೊಡ್ಡ_ಸ್ಪೀಕರ್

ಸೌಂಡ್ ಕಡೆಯಿಂದ ಒಂದಷ್ಟು. ಮನೆಯಲ್ಲಿ ಲೆಕ್ಕ ಸರಿ ಮಾಡಿಕೊಂಡು ಬಂದು ವೇದಿಕೆ ಮೇಲೆ ಕೆಡಿಸಿಕೊಳ್ಳುವುದೇ ಹೆಚ್ಚು.

ಫೈಲನ್ನು −4 ಮಾಡಿ ಪೆನ್‌ಡ್ರೈವಿನಲ್ಲಿ ತಂದಿರುತ್ತೀರಿ. 'ಸ್ಕೇಲ್ ಎಷ್ಟು ಸರ್?' ಅಂತ ಆಪರೇಟರ್ ಕೇಳುತ್ತಾರೆ, 'ಮೈನಸ್ ನಾಲ್ಕು' ಅಂತ ನೀವು ಹೇಳುತ್ತೀರಿ, ಅವರು ಮತ್ತೆ −4 ಒತ್ತುತ್ತಾರೆ. ಒಟ್ಟು −8. ಫೈಲ್ ಹೆಸರಲ್ಲೇ 'ಬಿಳಿ 7, ಕೀ ಮುಟ್ಟಬೇಡಿ' ಅಂತ ಬರೆದಿಡಿ. ಮೆಷಿನ್‌ನ ಕೀ ಗುಂಡಿ ಹಿಂದಿನ ಹಾಡುಗಾರರು ಬಿಟ್ಟಲ್ಲೇ ನಿಂತಿರುವುದೂ ಉಂಟು, ಸೊನ್ನೆಗೆ ಬಂದಿದೆಯಾ ಅಂತ ನಿಮ್ಮ ಸರದಿಗೆ ಮುಂಚೆ ಕೇಳಿ. ಡಿಜೆ ಪ್ಲೇಯರ್ ಇಟ್ಟಿದ್ದರೆ ಅದರಲ್ಲಿ ಪಿಚ್ ಅಂತ ಬರೆದಿರುವ ಜಾರುಗುಂಡಿ ನಿಜಕ್ಕೂ ವೇಗದ್ದು, ಮುಟ್ಟಲೇಬೇಡಿ.

ಮಂದ್ರದ ಆ ಅಕ್ಷರಕ್ಕೆ ಮೈಕು ತುಟಿಗೆ ಒಂದು ಇಂಚು. ಸಾಮಾನ್ಯ ಹಾಡುವ ಮೈಕು ಹತ್ತಿರ ಬಂದಷ್ಟೂ ಕೆಳಗಿನ ದನಿಯನ್ನು ದಪ್ಪ ಮಾಡುತ್ತೆ. ತಾರದ ಸಾಲಿಗೆ ಐದಾರು ಇಂಚು ದೂರ, ಬಾಯಿಗೆ ನೇರವಾಗಿಯೇ. ಪಕ್ಕಕ್ಕೆ ತಿರುಗಿಸಬೇಡಿ, ದನಿ ಮಾಯವಾಗುತ್ತೆ.

ಬ್ಲೂಟೂತ್ ಸ್ಪೀಕರಿನಲ್ಲಿ ಅಭ್ಯಾಸ ಮಾಡುವವರು ಮೈಕನ್ನೂ ಅದರ ಮೂಲಕವೇ ಹಾಯಿಸಬೇಡಿ. ನಿಮ್ಮ ದನಿ ನಿಮಗೇ ತಡವಾಗಿ ಕೇಳಿ ತಾಳ ಎಳೆಯುತ್ತೀರಿ, ಆಮೇಲೆ ತಪ್ಪು ಟ್ರ್ಯಾಕಿನದು ಅಂತ ಅನ್ನಿಸುತ್ತೆ.

ಇನ್ನೊಂದು, ಮೂಲ ಹಾಡು ಕೇಳುವುದನ್ನು ಈಗಲೇ ನಿಲ್ಲಿಸಿ. ನೂರು ಸಲ ಡಿ ಶಾರ್ಪ್‌ನಲ್ಲಿ ಕೇಳಿದ ಹಾಡು ಗಂಟಲಿಗೆ ಅದೇ ಎತ್ತರದಲ್ಲಿ ಕೂತಿರುತ್ತೆ. ಪೀಠಿಕೆ ಸಂಗೀತ ಬಿಯಲ್ಲಿ ಬರುತ್ತಿದ್ದರೂ ಮೊದಲ ಅಕ್ಷರ ಹಳೆಯ ಜಾಗಕ್ಕೇ ಹಾರುತ್ತೆ. ಇಳಿಸಿದ ಟ್ರ್ಯಾಕಿನಲ್ಲೇ ಒಂದು ವಾರ ಹಾಡಿ. ಪೀಠಿಕೆಯ ಕೊನೆಯ ಸ್ವರ ಯಾವುದು, ಅಲ್ಲಿಂದ ನಿಮ್ಮ ಮೊದಲ ಸ್ವರ ಎಷ್ಟು ದೂರ ಅಂತ ಗಟ್ಟಿ ಮಾಡಿಕೊಳ್ಳಿ. ಇಳಿಸಿದ ಹಾಡು ಯಾಕೋ ತೂಕಡಿಸಿದ ಹಾಗೆ ಅನ್ನಿಸಿದರೆ ವೇಗ 2–3% ಏರಿಸಿ, ಯಾರಿಗೂ ಗೊತ್ತಾಗಲ್ಲ.

---

ಕಛೇರಿ_ಪ್ರಿಯ

ಇಷ್ಟೆಲ್ಲ ಇಳಿಸಿದರೆ ರಾಗ ಕೆಡಲ್ಲವಾ? ಮತ್ತೆ ಟ್ರ್ಯಾಕ್ ಜೊತೆಗೆ ತಬಲಾದವರೊಬ್ಬರು ನುಡಿಸುತ್ತೇನೆ ಅಂದರೆ ಅವರಿಗೆ ಏನು ಹೇಳಬೇಕು?

---

ಪೇಟಿ_ಮಾಸ್ತರ

ರಾಗ ಯಾಕ ಕೆಡ್ತದ್ರಿ? ಎಲ್ಲಾ ಸ್ವರ ಕೂಡೇ ಇಳೀತಾವ, ಅವುಗಳ ನಡುವಿನ ಅಂತರ ಹಂಗ ಇರ್ತದ. ಕಾಳಿ ಎರಡರಾಗ ಹಾಡಿದ ಮೋಹನ ಬಿಳಿ ಏಳರಾಗೂ ಮೋಹನನ.

ತಬಲಾದವರಿಗೆ ಎರಡು ದಿನ ಮದಲ ಶ್ರುತಿ ಹೇಳ್ರಿ, ವೇದಿಕಿ ಮ್ಯಾಲೆ ಅಲ್ಲ. ಸುತ್ತಿಗಿ ಬಡದು ಒಂದು, ಬಹಳಂದ್ರ ಒಂದೂವರೆ ಸೆಮಿಟೋನ್ ಹಿಂದ ಮುಂದ ಮಾಡಬಹುದು. ಡಿ ಶಾರ್ಪ್‌ಗೆ ಕೂಡಿಸಿದ ದಾಯಾನ (ಬಲಗೈ ತಬಲಾ) ನಾಕು ಇಳಸಾಕ ಹೋದ್ರ ಚರ್ಮ ಸಡ್ಲ ಬಿದ್ದು ನಾದನ ಹೋಗ್ತದ. ಬಿ ಅನ್ನೂದು ತಬಲಾಕ್ಕ ತಗ್ಗಿನ ಸ, ದೊಡ್ಡ ಬಾಯಿದ ದಾಯಾ ಬೇಕು. ಎಲ್ಲಾರ ಹಂತೇಕ ಇರೂದಿಲ್ಲ. ಅದಿಲ್ಲ ಅಂದ್ರ 'ಸ' ಬಿಟ್ಟು 'ಪ'ಕ್ಕ ಕೂಡಿಸ್ರಿ ಅಂತ ಹೇಳ್ರಿ, ಬಿದ ಪ ಅಂದ್ರ ಎಫ್ ಶಾರ್ಪ್, ಸಣ್ಣ ಬಾಯಿದ ದಾಯಾ ಸಾಕು. ಹಾಡಿನ್ಯಾಗ 'ಪ' ಇಲ್ಲ ಅಂದ್ರ 'ಮ'ಕ್ಕ ಕೂಡಿಸ್ತಾರ, ಅದು ಇ. ಮತ್ತ ಟ್ರ್ಯಾಕಿನ್ಯಾಗಿನ ತಬಲಾ ಒಂದು, ಮುಂದ ಕೂತವರ ತಬಲಾ ಒಂದು, ಎರಡೂ ಕೂಡಿ ಗದ್ದಲ ಆಗ್ತದ. ಯಾವುದರೆ ಒಂದು ಇಡ್ರಿ.